ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಯೋಗ, ರೇಖಿ, ಕಷಾಯ: ಹೊಂದಿಸಿಕೊಳ್ಳುವ ಕ್ರಮ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ಸಲಹೆಗಳು ಬರತೊಡಗುತ್ತವೆ. ಸಂಬಂಧಿಕರೊಬ್ಬರು ಶಿವಮೊಗ್ಗ ಜಿಲ್ಲೆಯ ನರಸೀಪುರಕ್ಕೆ ಹೋಗಿ ಮರದ ತೊಗಟೆ ತರಬೇಕೆನ್ನುತ್ತಾರೆ, ಪಕ್ಕದ ಮನೆಯವರು ಪ್ರಾಣಿಕ್ ಹೀಲಿಂಗ್ (ದೇಹದ ಸುತ್ತಲಿನ ಶಕ್ತಿಯನ್ನು ಕೈಯಿಂದ ಸರಿಪಡಿಸುತ್ತೇವೆನ್ನುವ ಪದ್ಧತಿ) ಕಲಿತವರ ಫೋನ್ ನಂಬರ್ ಕೊಡುತ್ತಾರೆ, ವಾಟ್ಸ್ಯಾಪ್ ಗುಂಪಿಗೆ ಅಮೃತಬಳ್ಳಿ ಕಷಾಯ ಮಾಡುವ ವಿಧಾನ ಬಂದು ಬೀಳುತ್ತದೆ. ರೋಗಿಗೆ ಇವುಗಳಲ್ಲಿ ಒಂದೆರಡನ್ನಾದರೂ ಮಾಡಿ ನೋಡೋಣ ಎನ್ನಿಸುವುದು ಸಹಜವಾದದ್ದೇ. ಆದರೆ ಅದನ್ನು ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆಂಬ ಭಯದಿಂದ ಎರಡು ಚಿಕಿತ್ಸೆಗಳು ಒಂದಕ್ಕೊಂದು ತಿಳಿಯದಂತೆ ಒಂದೇ ದೇಹದಲ್ಲಿ ನಡೆಯತೊಡಗುತ್ತವೆ, ಮತ್ತು ನನ್ನ ಮಟ್ಟಿಗೆ ಹೇಳುವುದಾದರೆ ಪೂರಕ ಚಿಕಿತ್ಸೆಗಳಿಂದ ಆಗುವ ಅಪಾಯಗಳಲ್ಲಿ ಬಹುಪಾಲು ಹುಟ್ಟುವುದು ಈ ಮುಚ್ಚುಮರೆಯಿಂದಲೇ.

ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದುವರಿಸಲು ನಿರ್ಧರಿಸಿ, ಅದರ ಜೊತೆಗೆ ಯೋಗ, ಆಯುರ್ವೇದ, ಪ್ರಕೃತಿ ಚಿಕಿತ್ಸೆ, ರೇಖಿ, ಪ್ರಾಣಿಕ್ ಹೀಲಿಂಗ್ ಮುಂತಾದವುಗಳಲ್ಲಿ ಯಾವುದನ್ನಾದರೂ ಸೇರಿಸಿಕೊಳ್ಳಬೇಕೆಂದಿರುವವರಿಗಾಗಿ ಈ ಲೇಖನವನ್ನು ಬರೆಯಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಕ್ಯಾನ್ಸರಿಗೆ ಸಂಬಂಧಿಸಿದವು, ಏಕೆಂದರೆ ಅಧ್ಯಯನಗಳೂ ಎಚ್ಚರಿಕೆಗಳೂ ಹೆಚ್ಚಾಗಿರುವುದು ಅಲ್ಲಿಯೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ತೊಂದರೆಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಹಂತ 1: ಯಾವುದನ್ನು ಮುಟ್ಟಬಾರದು ಎಂಬುದನ್ನು ಮೊದಲು ಬರೆದಿಡಿ

ಪೂರಕ ಚಿಕಿತ್ಸೆ ಯಾವುದು ಒಳ್ಳೆಯದು ಎಂದು ಹುಡುಕುವುದಕ್ಕೆ ಮುಂಚೆ, ಆಸ್ಪತ್ರೆಯ ಚಿಕಿತ್ಸೆಯಲ್ಲಿ ತಪ್ಪಿಸಲೇಬಾರದ ಭಾಗ ಯಾವುದು ಎಂದು ನಿಮ್ಮ ವೈದ್ಯರಿಂದ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಶಸ್ತ್ರಚಿಕಿತ್ಸೆಯ ದಿನಾಂಕ, ಕಿಮೋಥೆರಪಿಯ ಸುತ್ತುಗಳು, ರೇಡಿಯೇಷನ್ನಿನ ಒಟ್ಟು ದಿನಗಳು, ಆಮೇಲೆ ಹಲವು ವರ್ಷ ನುಂಗಬೇಕಾದ ಹಾರ್ಮೋನ್ ಮಾತ್ರೆ, ಇವೆಲ್ಲ ಒಂದು ಹಾಳೆಯಲ್ಲಿ ಇರಬೇಕು. ಸಕ್ಕರೆ ಕಾಯಿಲೆಯವರಾದರೆ ಇನ್ಸುಲಿನ್, ಫಿಟ್ಸ್ ಇರುವವರಾದರೆ ಅದರ ಮಾತ್ರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಾದರೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆ ಈ ಹಾಳೆಯ ಮೊದಲ ಸಾಲಿನಲ್ಲಿರಬೇಕು.

ಈ ಹಂತಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಎರಡು ಅಧ್ಯಯನಗಳನ್ನು ಪ್ರಕಟಿಸಿದರು. ಮೊದಲನೆಯದು, ಗುಣಪಡಿಸಬಹುದಾದ ಹಂತದಲ್ಲಿದ್ದರೂ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಚಿಕಿತ್ಸೆಯನ್ನು ಮಾತ್ರ ನಂಬಿದ 281 ಕ್ಯಾನ್ಸರ್ ರೋಗಿಗಳನ್ನು ಕುರಿತದ್ದು. ಅವರಲ್ಲಿ ಸಾವಿನ ಅಪಾಯವು ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು, ಸ್ತನ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗಿಂತ ಹೆಚ್ಚು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಎರಡನೆಯ ಅಧ್ಯಯನ. ಅದರಲ್ಲಿದ್ದ 258 ರೋಗಿಗಳು ಆಸ್ಪತ್ರೆಯ ಚಿಕಿತ್ಸೆಯಲ್ಲಿ ಒಂದಿಷ್ಟನ್ನಾದರೂ ತೆಗೆದುಕೊಂಡು, ಜೊತೆಗೆ ಪೂರಕ ಚಿಕಿತ್ಸೆಯನ್ನೂ ಮಾಡಿಸಿಕೊಂಡವರು. ಅವರಲ್ಲೂ ಸಾವಿನ ಅಪಾಯ ಸುಮಾರು ಎರಡು ಪಟ್ಟು ಕಂಡುಬಂತು. ಕಾರಣ ಹುಡುಕಿದಾಗ ತಿಳಿದದ್ದೇನೆಂದರೆ, ಅವರಲ್ಲಿ ಸುಮಾರು 34 ಪ್ರತಿಶತ ಜನ ಕಿಮೋಥೆರಪಿಯನ್ನೂ ಸುಮಾರು 53 ಪ್ರತಿಶತ ಜನ ರೇಡಿಯೇಷನ್ನನ್ನೂ ಬೇಡವೆಂದಿದ್ದರು. ಪೂರಕ ಚಿಕಿತ್ಸೆ ಮಾಡಿಸಿಕೊಳ್ಳದವರಲ್ಲಿ ಹಾಗೆ ಬೇಡವೆಂದವರು ಎರಡು ಮೂರು ಪ್ರತಿಶತ ಮಾತ್ರ. ಬಿಟ್ಟ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಎರಡು ಗುಂಪುಗಳ ನಡುವಿನ ಅಂತರ ಉಳಿಯಲಿಲ್ಲ. ಧ್ಯಾನವೋ ಕಷಾಯವೋ ಅವರನ್ನು ಕೊಂದಿತು ಎಂದು ಇದರ ಅರ್ಥವಲ್ಲ. ಅವುಗಳ ಭರವಸೆಯಲ್ಲಿ ಆಸ್ಪತ್ರೆಯ ಚಿಕಿತ್ಸೆಯ ಒಂದು ಭಾಗವನ್ನು ಕೈಬಿಟ್ಟದ್ದೇ ಹಾನಿಗೆ ದಾರಿಯಾಯಿತು. ಆದ್ದರಿಂದ ನಿಮ್ಮ ಹಾಳೆಯಲ್ಲಿರುವ ಯಾವ ದಿನಾಂಕವೂ ಯಾವ ಪೂರಕ ಚಿಕಿತ್ಸೆಗಾಗಿಯೂ ಒಂದು ದಿನವಾದರೂ ಹಿಂದೆ ಮುಂದೆ ಸರಿಯಬಾರದು.

ಹಂತ 2: ಏತಕ್ಕಾಗಿ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ

"ರೋಗನಿರೋಧಕ ಶಕ್ತಿ ಹೆಚ್ಚಲಿ" ಎಂಬುದು ಗುರಿಯಲ್ಲ. ಅದು ಹೆಚ್ಚಿತೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಅಳೆಯಲಾರರು. "ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ", "ಕಿಮೋ ಕೊಟ್ಟ ಮೂರು ದಿನ ಅನ್ನದ ವಾಸನೆ ಕಂಡರೆ ವಾಕರಿಕೆ", "ಹಾರ್ಮೋನ್ ಮಾತ್ರೆ ಶುರುವಾದ ಮೇಲೆ ಬೆರಳಿನ ಗಂಟುಗಳು ನೋಯುತ್ತವೆ", ಇಂಥವು ಗುರಿಗಳಾಗಬಲ್ಲವು. ಗುರಿ ಸ್ಪಷ್ಟವಾದರೆ ಯಾವ ಚಿಕಿತ್ಸೆಯನ್ನು ನೋಡಬೇಕೆಂಬುದೂ ಅರ್ಧ ತೀರ್ಮಾನವಾದಂತೆಯೇ.

ಹಂತ 3: ಯಾವುದಕ್ಕೆ ಎಷ್ಟು ಆಧಾರವಿದೆ ಎಂದು ನೋಡಿ

ಪೂರಕ ಚಿಕಿತ್ಸೆಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ನಂಬುವುದೂ ಸರಿಯಲ್ಲ, ತಳ್ಳಿಹಾಕುವುದೂ ಸರಿಯಲ್ಲ. ನಮ್ಮ ಅನುಕೂಲಕ್ಕೆ ಇವನ್ನು ಮೂರಾಗಿ ಬೇರ್ಪಡಿಸಬಹುದು: ದೇಹ ಮತ್ತು ಮನಸ್ಸಿನ ಅಭ್ಯಾಸಗಳು, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಗಳು, ಮತ್ತು ಶಕ್ತಿ ಚಿಕಿತ್ಸೆ ಎಂದು ಕರೆಯಲಾಗುವ ರೇಖಿ, ಪ್ರಾಣಿಕ್ ಹೀಲಿಂಗ್ ಮೊದಲಾದವು.

ಮೊದಲ ಗುಂಪಿಗೆ ಸಾಕಷ್ಟು ಆಧಾರವಿದೆ, ಮತ್ತು ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಯೋಗ ಸಂಶೋಧಕರಾದ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು ಆಸ್ತಮಾ ಇರುವ 53 ಮಂದಿಗೆ ಯೋಗ ಕಲಿಸಿ, ಅಷ್ಟೇ ಮಂದಿಯ ಮತ್ತೊಂದು ಗುಂಪಿನೊಂದಿಗೆ ಹೋಲಿಸಿದ ಅಧ್ಯಯನವು 1985ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು; ಯೋಗ ಮಾಡಿದವರಲ್ಲಿ ಉಬ್ಬಸದ ಬಾಧೆಯೂ ಔಷಧಿಯ ಅಗತ್ಯವೂ ಗಣನೀಯವಾಗಿ ತಗ್ಗಿದ್ದವು. ನಿಮ್ಹಾನ್ಸ್‌ನಲ್ಲಿ ಇಂದು ಇಂಟಿಗ್ರೇಟಿವ್ ಮೆಡಿಸಿನ್ ಎಂಬ ವಿಭಾಗವೇ ಇದ್ದು, ಅಲ್ಲಿ ಮನೋವೈದ್ಯರು ಬರೆದುಕೊಟ್ಟ ಮಾತ್ರೆಗಳ ಜೊತೆಯಲ್ಲಿಯೇ ಯೋಗವನ್ನೂ ಆಯುರ್ವೇದವನ್ನೂ ಬಳಸಲಾಗುತ್ತದೆ. ಎರಡು ಪದ್ಧತಿಗಳ ವೈದ್ಯರು ಒಂದೇ ಸೂರಿನಡಿ ಒಬ್ಬ ರೋಗಿಯ ಬಗ್ಗೆ ಮಾತನಾಡಿಕೊಳ್ಳುವುದು ಎಷ್ಟು ಮುಖ್ಯ ಎಂಬುದಕ್ಕೆ ಅದೊಂದು ಒಳ್ಳೆಯ ಮಾದರಿ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳು ಹೊರತಂದಿರುವ ಮಾರ್ಗಸೂಚಿಗಳಲ್ಲಿ, ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆಗಳಿಂದ ಬರುವ ಗಂಟುನೋವಿಗೆ ಅಕ್ಯುಪಂಕ್ಚರನ್ನು 2022ರಲ್ಲಿಯೂ, ಆತಂಕ ಮತ್ತು ಖಿನ್ನತೆಗೆ ಮೈಂಡ್‌ಫುಲ್‌ನೆಸ್ ಧ್ಯಾನವನ್ನೂ ಯೋಗವನ್ನೂ 2023ರಲ್ಲಿಯೂ ಸೂಚಿಸಲಾಯಿತು. ಇವೆಲ್ಲ ಲಕ್ಷಣಗಳನ್ನು ತಗ್ಗಿಸುವುದಕ್ಕೆ ಸಂಬಂಧಿಸಿದ ಮಾತುಗಳು. ಗಡ್ಡೆಯನ್ನು ಕರಗಿಸುತ್ತವೆ ಎಂದು ಈ ಮಾರ್ಗಸೂಚಿಗಳು ಎಲ್ಲಿಯೂ ಹೇಳಿಲ್ಲ.

ಎರಡನೆಯ ಗುಂಪನ್ನು ಮುಂದಿನ ಹಂತಕ್ಕೆ ಬಿಟ್ಟು, ಶಕ್ತಿ ಚಿಕಿತ್ಸೆಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ರೇಖಿಯನ್ನು ಜಪಾನಿನಲ್ಲಿ ಮಿಕಾವೊ ಉಸುಯಿ 1922ರ ಸುಮಾರಿಗೆ ಆರಂಭಿಸಿದರು. ಪ್ರಾಣಿಕ್ ಹೀಲಿಂಗ್ ಫಿಲಿಪೀನ್ಸಿನ ಚೋವಾ ಕೊಕ್ ಸುಯಿ ಅವರಿಂದ 1980ರ ದಶಕದಲ್ಲಿ ಪ್ರಚಾರಕ್ಕೆ ಬಂತು. ಥೆರಪ್ಯೂಟಿಕ್ ಟಚ್ ಎಂಬುದು 1970ರ ದಶಕದಲ್ಲಿ ಅಮೆರಿಕದ ನರ್ಸ್‌ಗಳ ನಡುವೆ ಹುಟ್ಟಿತು. ಪ್ರಾಣ, ಚಕ್ರ ಎಂಬ ಪದಗಳನ್ನು ಕೇಳಿ ಇವೆಲ್ಲ ನಮ್ಮ ಪುರಾತನ ವೈದ್ಯವೆಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಇವು ಇತ್ತೀಚಿನ ಪದ್ಧತಿಗಳು. ರೋಗಿಯ ದೇಹದ ಸುತ್ತ ಶಕ್ತಿಯ ವಲಯವೊಂದಿದೆ, ಅದನ್ನು ಕೈಯಿಂದ ಗುರುತಿಸಿ ಸರಿಪಡಿಸಬಹುದು ಎಂಬುದು ಇವುಗಳ ಮೂಲ ನಂಬಿಕೆ. ಅಮೆರಿಕದ ಎಮಿಲಿ ರೋಸಾ ಎಂಬ ಬಾಲಕಿ ಶಾಲೆಯ ವಿಜ್ಞಾನ ಪ್ರಯೋಗವಾಗಿ ಇದನ್ನು ಪರೀಕ್ಷಿಸಿದಳು. ಥೆರಪ್ಯೂಟಿಕ್ ಟಚ್ ಮಾಡುವ 21 ಮಂದಿ ರಟ್ಟಿನ ಪರದೆಯೊಂದರ ತೂತುಗಳಲ್ಲಿ ಎರಡೂ ಕೈ ಚಾಚಿ ಕುಳಿತರು. ಅವುಗಳಲ್ಲಿ ಒಂದು ಕೈಯ ಮೇಲೆ ಅವಳು ತನ್ನ ಕೈಯನ್ನು ಮುಟ್ಟದೆ ಹಿಡಿದಾಗ ಅದು ಯಾವ ಕೈಯೆಂದು ಅವರು ಹೇಳಬೇಕಿತ್ತು. 280 ಸಲ ನಡೆಸಿದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 123 ಸಲ, ಅಂದರೆ 44 ಪ್ರತಿಶತ. ನಾಣ್ಯ ಚಿಮ್ಮಿ ಊಹಿಸಿದ್ದರೂ 50 ಪ್ರತಿಶತದ ಸುಮಾರು ಸಿಗುತ್ತಿತ್ತು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 1998ರಲ್ಲಿ ಇದನ್ನು ಪ್ರಕಟಿಸಿತು.

ಹಾಗಾದರೆ ರೇಖಿ ಮಾಡಿಸಿಕೊಂಡವರು ಹಾಯೆನಿಸಿತು ಎನ್ನುವುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಕಿಮೋಥೆರಪಿ ಪಡೆಯುತ್ತಿದ್ದ 189 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವರಿಗೆ ನಿಜವಾದ ರೇಖಿಯನ್ನೂ, ಕೆಲವರಿಗೆ ರೇಖಿಯ ಅಭಿನಯವನ್ನೂ, ಉಳಿದವರಿಗೆ ಮಾಮೂಲಿ ಆರೈಕೆಯನ್ನಷ್ಟೇ ಕೊಡಲಾಯಿತು. ಮೊದಲ ಎರಡು ಗುಂಪಿನವರಿಗೂ ಸಮನಾಗಿ ನೆಮ್ಮದಿ ಸಿಕ್ಕಿತು, ಮೂರನೆಯವರಿಗೆ ಅಷ್ಟು ಸಿಗಲಿಲ್ಲ. ಪಕ್ಕದಲ್ಲಿ ಒಬ್ಬರು ಅವಸರವಿಲ್ಲದೆ ಕುಳಿತು ಗಮನವಿಟ್ಟು ನೋಡಿಕೊಂಡದ್ದೇ ಆ ನೆಮ್ಮದಿಗೆ ಕಾರಣವೆಂದು ಇದರಿಂದ ಅರ್ಥವಾಗುತ್ತದೆ. ಹತ್ತು ನಿಮಿಷವೂ ಪುರುಸೊತ್ತಿಲ್ಲದ ಹೊರರೋಗಿ ವಿಭಾಗದಲ್ಲಿ ಕಾದು ಬಂದ ರೋಗಿಗೆ ಅದು ಸಣ್ಣ ಸಂಗತಿಯಲ್ಲ. ಹಾಗಾಗಿ ನನ್ನ ತೀರ್ಮಾನ ಇಷ್ಟು: ನೆಮ್ಮದಿಗಾಗಿ, ವಿಶ್ರಾಂತಿಗಾಗಿ, ಕೈಗೆಟುಕುವ ಖರ್ಚಿನಲ್ಲಿ ರೇಖಿ ಅಥವಾ ಪ್ರಾಣಿಕ್ ಹೀಲಿಂಗ್ ಮಾಡಿಸಿಕೊಳ್ಳುವುದಾದರೆ ದೇಹಕ್ಕೆ ನೇರವಾದ ಅಪಾಯವಿಲ್ಲ, ರೋಗ ಗುಣವಾಗಲೆಂದು ಮಾಡಿಸಿಕೊಳ್ಳುವುದಾದರೆ ಆಧಾರವಿಲ್ಲ. ದೂರದಿಂದಲೇ ಶಕ್ತಿ ಕಳಿಸುತ್ತೇವೆಂದು ಹಣ ಕೇಳುವವರ ಬಳಿ ಆ ಪಕ್ಕದಲ್ಲಿ ಕುಳಿತ ಮನುಷ್ಯನೂ ಇರುವುದಿಲ್ಲ.

ಹಂತ 4: ಹೊಟ್ಟೆಗೆ ಹೋಗುವುದನ್ನು ಬೇರೆಯೇ ಕಣ್ಣಿನಿಂದ ನೋಡಿ

ಕೈಯನ್ನು ದೇಹದ ಮೇಲೆ ಆಡಿಸುವುದಕ್ಕೂ ಒಂದು ಲೋಟ ಕಷಾಯಕ್ಕೂ ಅಪಾಯದ ದೃಷ್ಟಿಯಿಂದ ಹೋಲಿಕೆಯೇ ಇಲ್ಲ. ಗಿಡಮೂಲಿಕೆಗೆ ಗುಣವಿದೆ ಎಂದು ಒಪ್ಪುವವರು, ಆ ಗುಣವು ಆಸ್ಪತ್ರೆಯ ಮಾತ್ರೆಯ ಮೇಲೂ ಕೆಲಸ ಮಾಡಬಹುದು ಎಂಬುದನ್ನೂ ಒಪ್ಪಬೇಕಾಗುತ್ತದೆ.

ಕರಿಮೆಣಸನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಪಿಪರಿನ್ ಎಂಬ ಅಂಶವು ಕರುಳು ಮತ್ತು ಯಕೃತ್ತಿನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ತಡೆಯುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದಂತೆ, ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶದ 2 ಗ್ರಾಂ ಜೊತೆಗೆ ಕೇವಲ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ 2000 ಪ್ರತಿಶತ ಹೆಚ್ಚಿತು. ಇಂದು ಮಾರುಕಟ್ಟೆಯಲ್ಲಿರುವ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸತ್ವವನ್ನು ಸೇರಿಸುವುದು ಇದೇ ಕಾರಣಕ್ಕೆ. ಆದರೆ ಅದೇ ಪಿಪರಿನ್ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್ ಮುಂತಾದವುಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಸಾರಿಗೆ ಹಾಕುವ ಮೆಣಸು, ಪಲ್ಯಕ್ಕೆ ಹಾಕುವ ಅರಿಶಿನದ ಬಗ್ಗೆ ಯಾರೂ ಹೆದರಬೇಕಿಲ್ಲ. ಸಾಂದ್ರಗೊಳಿಸಿದ ಕ್ಯಾಪ್ಸೂಲು, ದಿನವೂ ಕುಡಿಯುವ ಗಟ್ಟಿ ಕಷಾಯ ಇವು ಅಡುಗೆಯ ಪ್ರಮಾಣವನ್ನು ದಾಟಿ ಔಷಧಿಯ ಪ್ರಮಾಣಕ್ಕೆ ಬಂದಿರುತ್ತವೆ.

ನಮ್ಮ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕೆಲವನ್ನು ಇಲ್ಲಿ ಹೆಸರಿಸುತ್ತೇನೆ. ಜ್ಯೇಷ್ಠಮಧು ಬಹುದಿನ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ನೀರು ಇಳಿಸುವ ಮಾತ್ರೆ ನುಂಗುವ ಹೃದಯರೋಗಿಗೆ ಇದು ಅಪಾಯಕಾರಿ. ಹಾಗಲಕಾಯಿ ರಸ, ಮೆಂತ್ಯದ ಪುಡಿ ಇವು ಗ್ಲಿಮಿಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿದಾಗ ಸಕ್ಕರೆ ಮಟ್ಟ ಅತಿಯಾಗಿ ಕುಸಿಯಬಹುದು. ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಹೆಚ್ಚಿಸಬಹುದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದೂ ಉಂಟು. ಶಂಖಭಸ್ಮ, ಪ್ರವಾಳ ಮುಂತಾದವುಗಳಲ್ಲಿರುವುದು ಮುಖ್ಯವಾಗಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಅವನ್ನು ಥೈರಾಯ್ಡ್ ಮಾತ್ರೆಯ ಹತ್ತಿರ ಹತ್ತಿರ ತೆಗೆದುಕೊಂಡರೆ ಆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ, ಆದ್ದರಿಂದ ನಡುವೆ ನಾಲ್ಕು ಗಂಟೆಯಾದರೂ ಅಂತರವಿರಬೇಕು. ಕಹಿಯಾದ ಸೋರೆಕಾಯಿಯ ರಸವನ್ನು ಯಾವ ಕಾರಣಕ್ಕೂ ಕುಡಿಯಬಾರದು. ಅದರಿಂದ ರಕ್ತವಾಂತಿಯಾಗಿ ಜೀವಕ್ಕೆ ಕುತ್ತು ಬಂದ ಪ್ರಕರಣಗಳು ನಮ್ಮ ದೇಶದಲ್ಲಿಯೇ ವರದಿಯಾಗಿವೆ.

ಅಮೃತಬಳ್ಳಿಯ ವಿಷಯ ವಿವಾದಾತ್ಮಕವಾದದ್ದು. ಕೋವಿಡ್ ಕಾಲದಲ್ಲಿ ಅದನ್ನು ಎಗ್ಗಿಲ್ಲದೆ ಬಳಸಿದ ನಂತರ ಯಕೃತ್ತಿನ ಉರಿಯೂತ ಕಾಣಿಸಿಕೊಂಡ 43 ರೋಗಿಗಳ ವಿವರವನ್ನು ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯವು ಇಂಥ ವರದಿಗಳನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿಯನ್ನು ಬಳಸಿರುವ ಸಾಧ್ಯತೆಯನ್ನು ಅದು ಮುಂದಿಟ್ಟಿತು. ಬಳ್ಳಿ ಯಾವುದೇ ಇರಲಿ, ಬೇಲಿಯಿಂದ ಕಿತ್ತು ತಂದ ರೋಗಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಕಿಮೋ ಔಷಧಿಗಳಲ್ಲಿ ಹಲವು ಯಕೃತ್ತಿನ ಮೂಲಕವೇ ಹೊರಹೋಗಬೇಕಾಗಿರುವುದರಿಂದ, ಆ ದಿನಗಳಲ್ಲಿ ಯಕೃತ್ತನ್ನು ಕೆಣಕಬಹುದಾದ ಯಾವುದನ್ನೂ ವೈದ್ಯರಿಗೆ ತಿಳಿಸದೆ ಕುಡಿಯದಿರುವುದು ಕ್ಷೇಮ. ಚೀಟಿಯಿಲ್ಲದ ಕವರಿನಲ್ಲಿ ಕಟ್ಟಿಕೊಡುವ ನಾಟಿ ಔಷಧಿ, ತೊಗಟೆ, ಪುಡಿಗಳಿಗೂ ಈ ಮಾತು ಅನ್ವಯಿಸುತ್ತದೆ. ಅದರಲ್ಲಿ ಏನಿದೆಯೆಂದು ಗೊತ್ತಿಲ್ಲದಿದ್ದರೆ ಯಾವುದರ ಜೊತೆ ಹೊಂದುತ್ತದೆ ಎಂದು ಯಾವ ವೈದ್ಯರೂ ಹೇಳಲಾರರು.

ಆಯುರ್ವೇದ ಔಷಧಿಯನ್ನು ಕೊಳ್ಳುವಾಗ ಡಬ್ಬಿಯ ಮೇಲೆ ಔಷಧಿ ತಯಾರಿಕೆಯ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ, ಪ್ರತಿಯೊಂದು ಘಟಕದ ಪ್ರಮಾಣ ಇವೆಯೇ ಎಂದು ನೋಡಿ. ಎಫ್.ಎಸ್.ಎಸ್.ಎ.ಐ. ಸಂಖ್ಯೆ ಮಾತ್ರ ಇದ್ದರೆ ಅದನ್ನು ಆಹಾರವಸ್ತುವಾಗಿ ಮಾರಲಾಗುತ್ತಿದೆ ಎಂದರ್ಥ, ಔಷಧಿಯಾಗಿ ಅಲ್ಲ. ಲೋಹದ ಭಸ್ಮಗಳಿರುವ ಔಷಧಿಗಳನ್ನು ನೋಂದಾಯಿತ ಆಯುರ್ವೇದ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮುಟ್ಟಬೇಡಿ. ಬೋಸ್ಟನ್ ನಗರದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಬೆಳಕಿಗೆ ಬಂದಿತ್ತು. ವಿದೇಶದಲ್ಲಿರುವ ಮಕ್ಕಳಿಗೆ ಊರಿನಿಂದ ಲೇಹ್ಯ, ಗುಳಿಗೆ ಕಳಿಸುವವರು ಇದನ್ನು ನೆನಪಿಡಬೇಕು.

ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಗಿಡಮೂಲಿಕೆಯ ಔಷಧಿ ಮತ್ತು ಪೂರಕ ಮಾತ್ರೆಗಳನ್ನು ಎರಡು ವಾರ ಮೊದಲೇ ನಿಲ್ಲಿಸುವುದು ಅರಿವಳಿಕೆ ತಜ್ಞರು ಸಾಮಾನ್ಯವಾಗಿ ಕೊಡುವ ಸೂಚನೆ. ಬೆಳ್ಳುಳ್ಳಿ, ಗಿಂಕ್ಗೊ ಎಂಬ ಗಿಡಮೂಲಿಕೆ ಇವುಗಳ ಕ್ಯಾಪ್ಸೂಲುಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಹಂತ 5: ವೈದ್ಯರಿಗೆ ಹೇಳುವ ಬಗೆ

ಇದಕ್ಕೆ ಒಂದು ನೋಟ್‌ಬುಕ್ ಸಾಕು. ಒಂದು ಪುಟದಲ್ಲಿ ಆಸ್ಪತ್ರೆಯ ಮಾತ್ರೆಗಳು, ಎದುರಿನ ಪುಟದಲ್ಲಿ ಉಳಿದ ಎಲ್ಲವೂ: ಹೆಸರು, ಪ್ರಮಾಣ, ಎಷ್ಟು ಹೊತ್ತಿಗೆ, ಯಾವಾಗಿನಿಂದ, ಯಾರು ಕೊಟ್ಟದ್ದು. ಡಬ್ಬಿಗಳ ಫೋಟೋ ಮೊಬೈಲಿನಲ್ಲಿರಲಿ. ಇದೇ ಪುಸ್ತಕವನ್ನು ಆಯುರ್ವೇದ ವೈದ್ಯರಿಗೂ ಯೋಗ ಕಲಿಸುವವರಿಗೂ ತೋರಿಸಬೇಕು. ಅವರಿಗೂ ನಿಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನಿದೆಯೆಂದು ಗೊತ್ತಿರಬೇಕು.

ವೈದ್ಯರ ಮುಂದೆ ಕುಳಿತಾಗ "ಇದನ್ನು ತಗೊಳ್ಳಬಹುದಾ ಡಾಕ್ಟ್ರೇ?" ಎಂದು ಕೇಳಿದರೆ "ಬೇಡ" ಎಂಬ ಒಂದೇ ಪದದ ಉತ್ತರ ಬರುವ ಸಂಭವ ಹೆಚ್ಚು. ಅದರ ಬದಲು ಹೀಗೆ ಕೇಳಿ ನೋಡಿ: "ಡಾಕ್ಟ್ರೇ, ನೀವು ಹೇಳಿದ್ದರಲ್ಲಿ ಯಾವುದನ್ನೂ ಬಿಡೋದಿಲ್ಲ. ನಿದ್ದೆಗೋಸ್ಕರ ಬೆಳಗ್ಗೆ ಸಂಜೆ ಪ್ರಾಣಾಯಾಮ ಮಾಡಬೇಕು ಅಂತಿದ್ದೀನಿ, ಈ ಲೇಹ್ಯ ತಗೊಳ್ತಿದ್ದೀನಿ. ನನ್ನ ಮಾತ್ರೆಗಳಿಗೆ ಇದರಿಂದ ಏನಾದರೂ ತೊಂದರೆ ಇದೆಯಾ? ಲಿವರ್ ಟೆಸ್ಟ್ ಯಾವಾಗ ಮಾಡಿಸಲಿ?" ಮೊದಲ ವಾಕ್ಯ ಕೇಳಿದ ಕೂಡಲೇ ವೈದ್ಯರ ದೊಡ್ಡ ಆತಂಕವೊಂದು ಕಡಿಮೆಯಾಗುತ್ತದೆ, ಆಮೇಲಿನ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ. ಅಷ್ಟಾಗಿಯೂ ಸಿಡುಕಿದರೆ ಬೇಸರಪಟ್ಟುಕೊಂಡು ಮುಚ್ಚಿಡಬೇಡಿ. ಕಿಮೋ ವಾರ್ಡಿನ ಹಿರಿಯ ನರ್ಸನ್ನು ಕೇಳಿ, ಅಥವಾ ಬೋಧನಾ ಆಸ್ಪತ್ರೆಯಾಗಿದ್ದರೆ ಅಲ್ಲಿಯ ಕ್ಲಿನಿಕಲ್ ಫಾರ್ಮಸಿಸ್ಟರನ್ನು ಕೇಳಿ. ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಂಥ ಕಡೆ ಇದಕ್ಕೆ ಪ್ರತ್ಯೇಕ ವಿಭಾಗವಿದೆ, ಮತ್ತು ಔಷಧಿಗಳ ಪರಸ್ಪರ ಪರಿಣಾಮವನ್ನು ನೋಡಿ ಹೇಳುವುದು ಅವರ ಕೆಲಸವೇ ಆಗಿದೆ.

ಹಂತ 6: ಮಾಡಿಸಿಕೊಳ್ಳುವುದು ಯಾರಿಂದ?

ಭಾರತದಲ್ಲಿ ಆಯುಷ್ ಅಡಿಯಲ್ಲಿ ಬರುವುದು ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಟಿಬೆಟಿನ ವೈದ್ಯ ಪದ್ಧತಿಯಾದ ಸೋವಾ ರಿಗ್ಪಾ ಮತ್ತು ಹೋಮಿಯೋಪಥಿ. ಆಯುರ್ವೇದ ವೈದ್ಯರಿಗೆ ಬಿ.ಎ.ಎಂ.ಎಸ್. ಪದವಿಯೂ ನೋಂದಣಿಯೂ ಇರಬೇಕು. ಪ್ರಕೃತಿ ಚಿಕಿತ್ಸೆಯವರಿಗೆ ಬಿ.ಎನ್.ವೈ.ಎಸ್. ಎಂಬ ಐದೂವರೆ ವರ್ಷದ ಪದವಿ ಇದೆ, ಉಜಿರೆಯ ಎಸ್.ಡಿ.ಎಂ. ಕಾಲೇಜು 1989ರಿಂದ ಅದನ್ನು ಕಲಿಸುತ್ತಿದೆ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆ.ಪಿ.ಎಂ.ಇ.) ನೋಂದಣಿ ಮಾಡಿಸಿಕೊಂಡಿರಬೇಕು. ರೇಖಿ, ಪ್ರಾಣಿಕ್ ಹೀಲಿಂಗ್ ಮಾಡುವವರಿಗೆ ಇಂಥ ಯಾವ ಮಂಡಳಿಯೂ ಇಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಕೊಟ್ಟದ್ದು ಅವರು ಕಲಿತ ಖಾಸಗಿ ಸಂಸ್ಥೆ, ಅಷ್ಟೇ. ಅಂದರೆ ತಪ್ಪು ನಡೆದರೆ ದೂರು ಕೊಡಲು ವೈದ್ಯಕೀಯ ಪರಿಷತ್ತಿನಂಥ ಜಾಗವಿಲ್ಲ, ಎಚ್ಚರಿಕೆ ನಿಮ್ಮದೇ ಆಗಿರಬೇಕು.

ಮೊದಲ ಭೇಟಿಯಲ್ಲಿಯೇ ಎದ್ದು ಬರಬೇಕಾದ ಲಕ್ಷಣಗಳು ಕೆಲವಿವೆ. "ಇಂಗ್ಲಿಷ್ ಔಷಧಿ ನಿಲ್ಲಿಸಿದರೆ ಮಾತ್ರ ಇದು ಕೆಲಸ ಮಾಡುತ್ತದೆ" ಎನ್ನುವುದು, ಸ್ಕ್ಯಾನ್ ಬೇಡವೆನ್ನುವುದು, ಇಪ್ಪತ್ತು ಮೂವತ್ತು ಸಲದ ಹಣವನ್ನು ಮುಂಗಡವಾಗಿ ಕೇಳುವುದು, ತೊಂದರೆ ಹೆಚ್ಚಾದಾಗ "ದೇಹ ಶುದ್ಧಿಯಾಗುತ್ತಿದೆ, ಇದು ಒಳ್ಳೆಯ ಸೂಚನೆ" ಎಂದು ಸಮಾಧಾನ ಹೇಳುವುದು. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಆಸ್ಪತ್ರೆಗೆ ಓಡಬೇಕಾದ ಹೊತ್ತನ್ನು ಅದು ತಿಂದುಹಾಕುತ್ತದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಕಾಯ್ದೆಯೊಂದರ ಪ್ರಕಾರ ಅಪರಾಧವೆಂಬುದೂ ತಿಳಿದಿರಲಿ. ಇನ್ನು, ಸ್ಪರ್ಶ ಚಿಕಿತ್ಸೆಯಲ್ಲಿ ಎಲ್ಲಿ ಮುಟ್ಟುತ್ತಾರೆ, ಮನೆಯವರು ಜೊತೆಯಲ್ಲಿರಬಹುದೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ; ಬೇಡವೆಂದರೆ ಮುಟ್ಟದೆಯೇ ಮಾಡುವುದು ಈ ಪದ್ಧತಿಗಳಲ್ಲಿ ಸಾಧ್ಯವಿದೆ.

ಹಂತ 7: ಆಸ್ಪತ್ರೆಯ ಕ್ಯಾಲೆಂಡರಿಗೆ ಹೊಂದಿಸಿಕೊಳ್ಳಿ

ಮೂರು ವಾರಕ್ಕೊಮ್ಮೆ ಕಿಮೋ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣಗಳು ಅತಿ ಕಡಿಮೆಯಾಗಿರುತ್ತವೆ. ಆ ದಿನಗಳಲ್ಲಿ ಸಾಮೂಹಿಕ ಧ್ಯಾನ, ಗುಂಪಿನ ಯೋಗ ತರಗತಿ, ಹೀಲಿಂಗ್ ಶಿಬಿರಗಳಿಗೆ ಹೋಗಬೇಡಿ. ಅಕ್ಯುಪಂಕ್ಚರ್ ಸೂಜಿ, ಗೋಧಿಹುಲ್ಲಿನ ಹಸಿ ರಸ ಇವೂ ಬೇಡ. ರೇಖಿ ಮಾಡುವವರು ಮನೆಗೆ ಬರುವುದಾದರೆ ಕೈ ತೊಳೆದು ಬರಲಿ, ನೆಗಡಿಯಿದ್ದರೆ ಬರುವುದೇ ಬೇಡ. ಮೂಗು ತೊಳೆಯುವ ಜಲನೇತಿಗೆ ಯಾವಾಗಲೂ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿಯ ನೀರಿನಿಂದ ನೇತಿ ಮಾಡಿದ ಇಬ್ಬರು ಮೆದುಳು ತಿನ್ನುವ ಅಮೀಬಾ ಸೋಂಕಿನಿಂದ ತೀರಿಕೊಂಡರು.

ಎಣ್ಣೆ ತಿಕ್ಕಿಸಿಕೊಳ್ಳುವ ಅಭ್ಯಂಗಕ್ಕೂ ಮಿತಿಗಳಿವೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದ್ದರೆ, ಮೂಳೆಗೆ ಕ್ಯಾನ್ಸರ್ ಹರಡಿದ್ದರೆ, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಒತ್ತಿ ತಿಕ್ಕಬಾರದು. ರೇಡಿಯೇಷನ್ ಕೊಡುವ ಜಾಗದ ಚರ್ಮಕ್ಕೆ ವೈದ್ಯರು ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಹಚ್ಚಬಾರದು. ಯೋಗದಲ್ಲಿ ಗ್ಲಾಕೋಮಾ ಇರುವವರು ಶೀರ್ಷಾಸನವನ್ನು ಬಿಡಬೇಕು, ಆ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಮೂಳೆ ಸವೆತವಿರುವವರಿಗೆ ಬಲವಾಗಿ ಮುಂದೆ ಬಾಗುವ ಆಸನಗಳೂ, ಬಿ.ಪಿ. ಹತೋಟಿಯಲ್ಲಿಲ್ಲದವರಿಗೆ ಮತ್ತು ಗರ್ಭಿಣಿಯರಿಗೆ ಕಪಾಲಭಾತಿಯೂ ಸಲ್ಲವು. ಸಕ್ಕರೆ ಕಾಯಿಲೆಯವರು ಪ್ರಕೃತಿ ಚಿಕಿತ್ಸಾಲಯದಲ್ಲಿ ಉಪವಾಸಕ್ಕೆ ಕೂರುವ ಮೊದಲು ಮಾತ್ರೆಗಳ ಪ್ರಮಾಣವನ್ನು ತಮ್ಮ ವೈದ್ಯರಿಂದ ಬದಲಿಸಿಕೊಳ್ಳಲೇಬೇಕು. ಅದರಲ್ಲೂ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಸಕ್ಕರೆ ಹೆಚ್ಚಿಲ್ಲದೆಯೂ ಕೀಟೋ ಆಮ್ಲಗಳು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು.

ಹಂತ 8: ಅಳೆಯಿರಿ, ಆಮೇಲೆ ಮುಂದುವರಿಸಿ ಅಥವಾ ನಿಲ್ಲಿಸಿ

ಒಂದು ಸಲಕ್ಕೆ ಒಂದನ್ನು ಮಾತ್ರ ಶುರುಮಾಡಿ. ಮೂರನ್ನು ಒಟ್ಟಿಗೆ ಶುರುಮಾಡಿದರೆ ಒಳ್ಳೆಯದಾದರೂ ಕೆಟ್ಟದಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಎರಡನೆಯ ಹಂತದಲ್ಲಿ ಬರೆದ ಗುರಿಗೆ ಪ್ರತಿದಿನ ಮಲಗುವ ಮುನ್ನ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡಿ, ಶುರುಮಾಡುವ ಮುಂಚಿನ ಒಂದು ವಾರದ ಅಂಕಗಳೂ ಇರಲಿ. ನಾಲ್ಕು ವಾರದಲ್ಲಿ ಎರಡು ಅಂಕದಷ್ಟಾದರೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಆ ಹಣವನ್ನೂ ಹೊತ್ತನ್ನೂ ಬೇರೆಯದಕ್ಕೆ ಬಳಸಿ. ತಿಂಗಳಿಗೆ ಇಷ್ಟೇ ಎಂದು ಖರ್ಚಿನ ಮಿತಿಯನ್ನು ಮನೆಯವರೆಲ್ಲ ಕುಳಿತು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಈ ತೀರ್ಮಾನ ಸುಲಭವಾಗುತ್ತದೆ. ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯಾದರೆ ಶುರುಮಾಡುವ ಮೊದಲು ಮತ್ತು ನಾಲ್ಕು ವಾರದ ನಂತರ ಯಕೃತ್ತು ಹಾಗೂ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ ಹೋಲಿಸಿ ನೋಡಬೇಕು.

ಕಿಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ರಾತ್ರಿಯಾಗಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಣ್ಣು, ಮೂತ್ರ ಹಳದಿಯಾಗುವುದು, ಮೈಯೆಲ್ಲ ತುರಿಕೆ, ಕಪ್ಪು ಮಲ, ಉಸಿರಾಟದ ತೊಂದರೆ, ಗೊಂದಲದ ಮಾತು ಇವುಗಳಲ್ಲಿ ಯಾವುದು ಕಂಡರೂ ಪೂರಕ ಔಷಧಿಗಳನ್ನೆಲ್ಲ ನಿಲ್ಲಿಸಿ, ಆಸ್ಪತ್ರೆಯ ಮಾತ್ರೆಗಳನ್ನು ತಾನಾಗಿ ನಿಲ್ಲಿಸದೆ, ನೋಟ್‌ಬುಕ್ಕನ್ನೂ ಡಬ್ಬಿಗಳನ್ನೂ ಎತ್ತಿಕೊಂಡು ತುರ್ತು ವಿಭಾಗಕ್ಕೆ ಹೋಗಿ. ಉಳಿದಿರುವ ಪುಡಿ ಅಥವಾ ಕಷಾಯವನ್ನು ಚೆಲ್ಲಬೇಡಿ, ಪರೀಕ್ಷೆಗೆ ಬೇಕಾಗಬಹುದು. ಔಷಧಿಯ ದುಷ್ಪರಿಣಾಮವೆಂಬ ಅನುಮಾನವಿದ್ದರೆ ರೋಗಿಗಳೂ ನೇರವಾಗಿ ವರದಿ ಮಾಡಬಹುದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800 180 3024. ಕರೆ ಮಾಡುವಾಗ ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ, ಶುರುಮಾಡಿದ ದಿನ, ತೊಂದರೆ ಕಾಣಿಸಿದ ದಿನ ಮತ್ತು ಜೊತೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.